ತೆರೆಯಬಾರದ ಮೂರು ವರ್ಷ

"ನಿನ್ನ ಸಾಫ್ಟ್‌ವೇರ್‌ನ ಮುಖ ನೋಡಿದ್ರೆ ಕರೆಂಟ್ ಬಿಲ್ ನೆನಪಾಗುತ್ತೆ," ಅಂದಿದ್ದ ಡರ್ಮಟ್, ಪರಿಚಯವಾದ ಮೊದಲ ದಿನವೇ.

ಅಡಿಲೇಡ್‌ನ ಅನ್ಲಿ ಲೈಬ್ರರಿಯ ಹಿಂದಿನ ಹಾಲ್, ಶನಿವಾರದ ಷೇರು ಕ್ಲಬ್. ಲೋರ್ನಾ ಲ್ಯಾಪ್‌ಟಾಪ್‌ನಿಂದ ತಲೆಯೆತ್ತಿ ತಿರುಗಿ ನೋಡಿದಳು. ಪಕ್ಕದ ಕುರ್ಚಿಯಲ್ಲಿ ಉದ್ದನೆಯ ಮನುಷ್ಯ, ಗಡ್ಡದ ತುಂಬ ಲ್ಯಾಮಿಂಗ್ಟನ್ ಕೇಕಿನ ಕೊಬ್ಬರಿ ಪುಡಿ.

"ನಾನು ಮುಖ ನೋಡಿ ಮಣೆ ಹಾಕೋಳಲ್ಲ. ಮೊದಲು ಗಡ್ಡ ಒರೆಸ್ಕೋ, ಆಮೇಲೆ ಮಾತಾಡು."

ಅವನು ಒರೆಸಿಕೊಂಡ, ಅವಳು ನಕ್ಕಳು. ಅಷ್ಟೇ ಸಾಕಾಯಿತು ನೋಡಿ.

ಷೇರು ಲೆಕ್ಕಕ್ಕೆ ಅವಳು ಬಳಸುತ್ತಿದ್ದದ್ದು ಬ್ರೋಲ್ಗಾ ಎಂಬ ಸಾಫ್ಟ್‌ವೇರ್. ನೋಡೋಕೆ ಸಪ್ಪೆ, ಲೆಕ್ಕದಲ್ಲಿ ಗಟ್ಟಿ. ಅವನದು ವಾಟಲ್. ಅದರ ಚಾರ್ಟುಗಳ ಬಣ್ಣ ನೋಡುತ್ತಾ ಕೂತರೆ ಊಟ ಮರೆಯಬೇಕು. ಇಬ್ಬರ ಜಗಳ ಕೇಳಿ ಕೇಳಿ ಸಾಕಾಗಿ, ಕ್ಲಬ್ಬಿನ ಹಿರಿಯ ನೆವಿಲ್ ಒಂದು ಪಂದ್ಯ ಹೂಡಿದರು.

"ಸಣ್ಣ ಗಣಿ ಕಂಪನಿಗಳ ಹದಿನೈದು ವರ್ಷದ ಷೇರು ಬೆಲೆ ಕೊಡ್ತೀನಿ ಮಕ್ಕಳಾ. ಮೊದಲ ಹನ್ನೆರಡು ವರ್ಷ ನೋಡಿ, ಯಾವಾಗ ಕೊಳ್ಳಬೇಕು, ಯಾವಾಗ ಮಾರಬೇಕು ಅಂತ ನಿಮ್ಮ ನಿಮ್ಮ ಸಾಫ್ಟ್‌ವೇರ್‌ನಲ್ಲಿ ನಿಯಮ ಕಟ್ಟಿ. ಕೊನೇ ಮೂರು ವರ್ಷ ಮಾತ್ರ ತೆರೀಬೇಡಿ. ಸೆಪ್ಟೆಂಬರ್ ಸಭೇಲಿ ಎಲ್ಲರೆದುರು ಒಂದೇ ಸಲ ತೆರೆಯೋಣ. ಆ ಮೂರು ವರ್ಷದಲ್ಲಿ ಯಾರ ನಿಯಮ ಹೆಚ್ಚು ಲಾಭ ತರುತ್ತೋ ಅವರು ಗೆದ್ದಂಗೆ."

ಉತ್ತರ ನೋಡಿಕೊಂಡು ಬರೆದ ನಿಯಮ ಗೆಲ್ಲದೆ ಇರುತ್ತದೆಯೇ? ಆ ಬೆಲೆಗಳು ಯಾರಿಗೂ ಬಾಯಿಪಾಠ ಇರಲಿಲ್ಲ, ನಿಜ. ಆದರೆ ಬೇಕೆಂದವರು ಒಂದು ಬಟನ್ ಒತ್ತಿ ನೋಡಬಹುದಿತ್ತು. ಬೀಗ ಅಂತ ಇದ್ದದ್ದು ಕೊಟ್ಟ ಮಾತೊಂದೇ.

ಅಲ್ಲಿಂದ ಪ್ರತಿ ಮಂಗಳವಾರ ಸಂಜೆ ಲೋರ್ನಾಳ ಮನೆಯ ಮೇಜಿನ ಮೇಲೆ ಎರಡು ಲ್ಯಾಪ್‌ಟಾಪ್.

"ಏಯ್, ಇಣುಕಬೇಡ!"

"ಸ್ಕ್ರೀನ್ ಯಾರು ನೋಡ್ತಿದಾರೆ? ನಿನ್ನ ಕಿವಿ ಹತ್ರ ಒಂದು ಸುರುಳಿ ಕೂದಲಿದೆಯಲ್ಲ, ಅದನ್ನ ನೋಡ್ತಿದೀನಿ."

"ಹಾಳಾಗೋಯ್ತು ನನ್ನ ಲೆಕ್ಕ!" ಅನ್ನುತ್ತಾ ಆ ಕೂದಲನ್ನು ಕಿವಿಯ ಹಿಂದಕ್ಕೆ ಸರಿಸುವಳು. ಅದು ಮತ್ತೆ ಮುಂದಕ್ಕೇ ಬರಲಿ ಅಂತ ಒಳಗೊಳಗೇ ಆಸೆ.

ನಲವತ್ತೊಂದು ವಯಸ್ಸು ಅವಳಿಗೆ. ಸುಳ್ಳು ಹೇಳುವ ಗಂಡನ ಜೊತೆ ಒಂಬತ್ತು ವರ್ಷ ಏಗಿ ಹೊರಬಂದವಳು. ಡರ್ಮಟ್‌ಗೆ ಅವಳು ಹಾಕಿದ ಷರತ್ತು ಒಂದೇ: "ಬೈಯಿ, ಜಗಳ ಆಡು, ಸುಳ್ಳು ಮಾತ್ರ ಹೇಳಬೇಡ." ಅವನು ಅವಳ ಕೈ ಹಿಡಿದು ಹೂಂ ಅಂದಿದ್ದ.

"ಸಭೆ ಮುಗಿದ್ಮೇಲೆ ನಿನ್ನ ಒಂದು ಮಾತು ಕೇಳ್ಬೇಕು," ಅಂದ ಆಗಸ್ಟ್ ಕೊನೆಯಲ್ಲಿ. ಯಾವ ಮಾತು ಅಂತ ಅವಳಿಗೆ ಗೊತ್ತಾಗದೆ ಇರುತ್ತದೆಯೇ? ಕನ್ನಡಿಯೆದುರು ನಿಂತು ಹೂಂ ಅನ್ನುವುದನ್ನು ನಾಲ್ಕು ಥರ ಅಭ್ಯಾಸ ಮಾಡಿದಳು, ಹುಚ್ಚಿ.

ಸಭೆಯ ದಿನ ಆ ಮೂರು ವರ್ಷಗಳನ್ನು ತೆರೆದರು. ಬ್ರೋಲ್ಗಾದಲ್ಲಿ ಅವಳ ನಿಯಮ ತೆವಳುತ್ತಾ ಕುಂಟುತ್ತಾ ಹೇಗೋ ದಡ ಸೇರಿತು. ವಾಟಲ್‌ನಲ್ಲಿ ಅವನ ಗೆರೆ ಮೇಲಕ್ಕೆ ಹೋಗಿದ್ದೇ ಹೋಗಿದ್ದು. ಹಾಲ್ ತುಂಬ ಚಪ್ಪಾಳೆ, ಎಲ್ಲರಿಗಿಂತ ಜೋರಾಗಿ ಲೋರ್ನಾಳದೇ.

ಆಮೇಲೆ ನೆವಿಲ್ ಅವನ ನಿಯಮವನ್ನು ಎಲ್ಲರೂ ಓದಲಿ ಅಂತ ಗೋಡೆಯ ಮೇಲೆ ಹಾಕಿದರು. ಆರನೇ ಸಾಲು: ಆಗಸ್ಟ್ ಮೊದಲೆರಡು ವಾರ ಏನನ್ನೂ ಕೊಳ್ಳಬೇಡ.

ಲೋರ್ನಾ ಆ ಸಾಲನ್ನು ಎರಡು ಸಲ ಓದಿದಳು. ಹನ್ನೆರಡು ವರ್ಷದ ಬೆಲೆಗಳನ್ನು ಅರೆದು ಕುಡಿದವಳು ಅವಳು. ಅಲ್ಲಿ ಆಗಸ್ಟ್ ಎಲ್ಲ ತಿಂಗಳಂಥದ್ದೇ ಒಂದು ತಿಂಗಳು. ಬೆಲೆ ಆ ಎರಡು ವಾರದಲ್ಲೇ ನೆಲಕಚ್ಚಿದ್ದು ಈಗ ತಾನೇ ತೆರೆದ ಮೂರು ವರ್ಷಗಳಲ್ಲಿ. ಕದ್ದು ನೋಡದವನು ಆ ಸಾಲು ಬರೆಯಲಾರ. ತಿರುಗಿ ಅವನ ಮುಖ ನೋಡಿದಳು. ಅವನು ಟೀ ಹಂಡೆಯ ಕಡೆ ನೋಡುತ್ತಿದ್ದ.

ಹೊರಗೆ ಸೈಕಲ್ ಸ್ಟ್ಯಾಂಡಿನ ಹತ್ತಿರ ಅವನನ್ನು ನಿಲ್ಲಿಸಿಕೊಂಡಳು. "ಯಾವಾಗ ನೋಡ್ದೆ?"

"ಲೋರ್ನಾ, ಒಂಚೂರು ಕೇಳು..."

"ಯಾವಾಗ?"

"ಜುಲೈನಲ್ಲಿ. ನಿನ್ ಮನೇಲೇ. ನೀನು ಸೂಪ್ ಬಿಸಿ ಮಾಡೋಕೆ ಎದ್ದಾಗ."

ಅವನು ಪ್ರೀತಿ ಅಂತ ಮೊದಲ ಸಲ ಬಾಯಿಬಿಟ್ಟು ಹೇಳಿದ್ದು ಅದೇ ಸಂಜೆ, ಅದೇ ಸೂಪ್ ಕುಡಿಯುತ್ತಾ.

"ಇಲ್ಲಿ ಗೆದ್ದು ತೋರಿಸಿದ್ರೆ ಕೆಲಸ ಕೊಡ್ತೀವಿ ಅಂದ್ರು ವಾಟಲ್ ಕಂಪನಿಯೋರು," ಅಂದ. "ನಮ್ಮಿಬ್ರಿಗೋಸ್ಕರಾನೇ ಮಾಡಿದ್ದು. ಬರೀ ಒಂದು ಪಂದ್ಯ ತಾನೇ?"

"ನಿನ್ನ ಆಸೆಗೆ ನನ್ನ ಹೆಸರಿಡಬೇಡ! ಬರೀ ಒಂದು ಪಂದ್ಯಕ್ಕೆ ಎರಡು ತಿಂಗಳು ನನ್ನೆದುರು ಕೂತು ನಾಟಕ ಆಡಿದ್ಯಲ್ಲೋ. ದೊಡ್ಡದೇನಾದ್ರೂ ಬಂದಾಗ ಏನ್ಮಾಡ್ತೀಯ?" ಅವಳು ಹಾಲ್‌ನ ಬಾಗಿಲ ಕಡೆ ಕೈ ತೋರಿಸಿದಳು. "ಒಳಗೆ ಹೋಗಿ ಹೇಳು. ನೀನು ಹೇಳ್ದಿದ್ರೆ ನಾನು ಹೇಳ್ತೀನಿ."

ಅವನು ಹೋದ. ತೆರೆದ ಬಾಗಿಲಿನಿಂದ ಅವನ ದನಿ ಕೇಳಿಸುತ್ತಿತ್ತು. ವಾಪಸ್ಸು ಬಂದಾಗ ಅವನ ಮುಖ ಕೆಂಪಾಗಿತ್ತು.

"ಹೇಳ್ದೆ. ಎಲ್ಲಾ ಹೇಳ್ದೆ." ಒಂದು ಸೈಕಲ್ಲಿನ ಹ್ಯಾಂಡಲ್ ಹಿಡಿದುಕೊಂಡ. "ಇವತ್ತು ಕೇಳ್ತೀನಿ ಅಂದಿದ್ದೆನಲ್ಲ. ಕೇಳೋಕೆ ಮುಖ ಇಲ್ಲ, ಆದ್ರೂ ಕೇಳ್ತೀನಿ. ನನ್ನ ಮದುವೆ ಆಗ್ತೀಯಾ?"

ಅವನ ಕಣ್ಣು ತುಂಬಿತ್ತು. ಆ ಪ್ರೀತಿ ನಿಜವೇ ಅಂತ ಅವಳಿಗೂ ಗೊತ್ತಿತ್ತು, ಅದಕ್ಕೇ ಅಷ್ಟು ಉರಿಯುತ್ತಿತ್ತು. ಬೆಳಿಗ್ಗೆ ಕೇಳಿದ್ದರೆ ಮಾತು ಮುಗಿಸಲೂ ಬಿಡುತ್ತಿರಲಿಲ್ಲ ಅವಳು.

"ನನ್ನನ್ಯಾಕೆ ಕೇಳ್ತೀಯ ಡರ್ಮಟ್?" ಅಂದಳು. "ಉತ್ತರ ಮೊದಲೇ ನೋಡ್ಕೊಂಡು ಬಂದಿಲ್ವಾ?"