ಕರೆಂಟಿಲ್ಲದ ಹೊತ್ತಿನ ದಡಿ

2009ರ ಏಪ್ರಿಲ್ 9, ಮಧ್ಯಾಹ್ನ 4 ಗಂಟೆ 20 ನಿಮಿಷ. ಬನಹಟ್ಟಿಯ ನಮ್ಮ ಮನೆಯ ಕಂಪ್ಯೂಟರಿನಲ್ಲಿ, ಕರೆಂಟ್ ಇಲ್ಲದ ಹೊತ್ತಿನಲ್ಲಿ ತೆಗೆದ ಒಂಬತ್ತು ಚಿತ್ರಗಳು ಸಿಕ್ಕವು.

ನನ್ನ ಹೆಂಡತಿ ಮಧುಮತಿ ಆ ಕಂಪ್ಯೂಟರಿನಲ್ಲಿ ಸೀರೆಯ ದಡಿಗೆ, ಅಂದರೆ ಅಂಚಿಗೆ, ಡಿಸೈನ್ ಬಿಡಿಸುತ್ತಾಳೆ. ತೀರಿಕೊಂಡ ನನ್ನ ಅವ್ವ ಗ್ರಾಫ್ ಹಾಳೆಯಲ್ಲಿ ಅರ್ಧಕ್ಕೆ ಬಿಟ್ಟಿದ್ದ ದಡಿಯೊಂದನ್ನು ಮಧುಮತಿ ಕಂಪ್ಯೂಟರಿಗೆ ಇಳಿಸಿದ್ದಳು. ಉಳಿದರ್ಧ ಹೊಳೆಯದೆ ಮಗ್ಗ ಖಾಲಿ ನಿಂತಿತ್ತು. ಅಷ್ಟರಲ್ಲಿ ಕಂಪ್ಯೂಟರ್ ನಿಧಾನವಾಯಿತು. ವೈರಸ್‌ಗೊಂದು, ಕದ್ದು ನೋಡುವ ಸ್ಪೈವೇರ್‌ಗೊಂದು ಎಂದು ನಾನು ಹಾಕಿದ್ದ ಎರಡು ಪ್ರೋಗ್ರಾಂಗಳು ಒಂದನ್ನೊಂದು ತಡೆಯುತ್ತಿದ್ದವು. ರಿಪೇರಿಯ ಅಂದಾನೆಪ್ಪ ಎರಡನ್ನೂ ತೆಗೆದು, ಎರಡೂ ಕೆಲಸ ಮಾಡುವ ಒಂದನ್ನೇ ಹಾಕಿ ಸ್ಕ್ಯಾನ್ ಮಾಡಿದ.

"ಸ್ಪೈವೇರ್ ಸಿಕ್ಕೈತ್ರಿ. ದಿನಾ ಸ್ಕ್ರೀನಿನ ಫೋಟೊ ತಗದ ಇಟ್ಟೈತಿ," ಎಂದ.

ಒಂಬತ್ತು ಚಿತ್ರಗಳೂ ಮಧ್ಯಾಹ್ನ ಮೂರು ಗಂಟೆಯವು. ನಮ್ಮ ಓಣಿಗೆ ಎರಡರಿಂದ ನಾಲ್ಕರವರೆಗೆ ಕರೆಂಟ್ ಇರುವುದಿಲ್ಲ. ಮನೆಯಲ್ಲಿ ಯುಪಿಎಸ್ ಇಲ್ಲ. ಕಂಪ್ಯೂಟರಿನ ಗಡಿಯಾರ ನನ್ನ ಕೈಗಡಿಯಾರಕ್ಕೆ ಸರಿಯಾಗಿತ್ತು. ಒಂದೊಂದು ಚಿತ್ರದಲ್ಲೂ ದಡಿ ಹಿಂದಿನದಕ್ಕಿಂತ ನಾಲ್ಕು ಸಾಲು ಮುಂದೆ ಹೋಗಿತ್ತು. ಮಧುಮತಿಯ ಫೈಲಿನಲ್ಲಿ ಅದು ಅರ್ಧಕ್ಕೇ ಇತ್ತು.

"ನಾಕಕ್ಕ ಕರೆಂಟ್ ಬಂದಾಗ ಮೌಸ್ ಬೆಚ್ಚಗಿರ್ತೈತಿ," ಎಂದಳು ಮಧುಮತಿ. "ಇದು ನಮ್ಮತ್ತಿ ಕೈ."

"ನಿಮ್ಮತ್ತಿ ಕಂಪ್ಯೂಟರ್ ಯಾವಾಗ ಕಲ್ತ್ರು, ಅಕ್ಕಾರ?" ಅಂದಾನೆಪ್ಪ ನಕ್ಕ.

"ಈಗ ಅವರಿಗೆ ಪುರುಸೊತ್ತಾಗೈತಿ."

"ಸ್ಪೈವೇರ್ ಅಳಸ್ಲೇನ್ರಿ?"

"ಬ್ಯಾಡೋ. ಕೆಲಸದ ನಡುವ ಕೈ ಹಾಕಿದ್ರ ಅವರಿಗೆ ಸೇರೂದಿಲ್ಲ."

ಏಪ್ರಿಲ್ 16ರ ಚಿತ್ರದಲ್ಲಿ ದಡಿ ಪೂರ್ತಿಯಾಗಿತ್ತು. ಮಧುಮತಿ ಅದನ್ನು ನೋಡಿ ಸಾಲುಸಾಲಾಗಿ ಇಳಿಸಿಕೊಂಡಳು. ಸೋಮವಾರ ಮಗ್ಗ ಶುರುವಾಯಿತು. ಆ ಸಂಜೆಯ ಸ್ಕ್ಯಾನಿನಲ್ಲಿ ಸ್ಪೈವೇರ್ ಸಿಗಲಿಲ್ಲ. ನಾವ್ಯಾರೂ ಅದನ್ನು ಅಳಿಸಿರಲಿಲ್ಲ.