ಮೂರನೇ ಹಾಡಿನಲ್ಲಿ ಮುರಿದ ಸೂಜಿ

"ಯಾರನ್ನ ಕೇಳಿ ಇದನ್ನ ಗಾಜಿಗೆ ಅಂಟಿಸಿದ್ರಿ?"

ಹಾಡಿನ ಆಲ್ಬಮ್ ಅಂಗಡಿಯವನು ಬೆಚ್ಚಿ ತಲೆಯೆತ್ತಿದ. ಎದುರಿನ ಗಾರ್ಮೆಂಟ್ಸ್‌ನ ಹೊಲಿಗೆಯವಳು! ಮೂರು ತಿಂಗಳಿಂದ ದಿನವೂ ಊಟದ ಬಿಡುವಿನಲ್ಲಿ ಬಂದು, ಮೂಲೆಯ ಸ್ಟೂಲಿನ ಮೇಲೆ ಕೂತು, ಹೆಡ್‌ಫೋನ್ ಹಾಕಿಕೊಂಡು, ಯಾರೂ ಮುಟ್ಟದ ಎಲೆಕ್ಟ್ರಾನಿಕ್ ಸಂಗೀತದ ಆಲ್ಬಮ್‌ಗಳನ್ನೇ ಹುಡುಕಿ ಕೇಳುವವಳು. ಅನಿಸಿದ್ದನ್ನು ಚೀಟಿಯಲ್ಲಿ ಬರೆದು ಕವರಿನೊಳಗಿಟ್ಟು ಹೋಗುತ್ತಿದ್ದಳು. ಬಾಯಿಬಿಟ್ಟದ್ದು ಇವತ್ತೇ.

ಒಂದು ಚೀಟಿ ಈಗ ಅವಳ ಮುಷ್ಟಿಯಲ್ಲಿ ಮುದುಡಿತ್ತು.

"ಹೊರಗೆ ಇಬ್ಬರು ಓದಿ ನಗ್ತಿದಾರೆ. ‘ಮೂರನೇ ಹಾಡಲ್ಲಿ ಸೂಜಿ ಮುರಿಯುತ್ತೆ, ಹೊಲಿಯೋಳು ಮಾತ್ರ ಸೋಲಲ್ಲ.’ ಇದ್ಯಾವ ಸೀಮೆ ವಿಮರ್ಶೆ ಅಂತ! ನಾನು ಏಳನೇ ಕ್ಲಾಸಿಗೇ ಬಿಟ್ಟೋಳು. ನಗಲಿ ಅಂತಾನೇ ಹಾಕಿದ್ರಾ?"

ಅಳಬಾರದು... ಇವನ ಮುಂದಂತೂ ಅಳಬಾರದು! ಇವನು ಒಳ್ಳೆಯವನು ಅಂದುಕೊಂಡಿದ್ದೆನಲ್ಲ...

ಅವನು ಆ ಚೀಟಿ ಸಿಕ್ಕಿದ್ದ ಆಲ್ಬಮ್ ತೆಗೆದು ಹಿಂಬದಿ ತೋರಿಸಿದ. ಮೂಲೆಯಲ್ಲಿ ಅವನದೇ ಪುಟ್ಟ ಫೋಟೊ!

"ಇದು... ನೀವು ಮಾಡಿದ್ದಾ?"

"ನಾನೇ. ಮೂರು ಪ್ರತಿ ಹೋಗಿದೆ. ಒಂದು ನಮ್ಮಮ್ಮ ತಗೊಂಡ್ರು, ಇನ್ನೂ ಕವರ್ ಬಿಚ್ಚಿಲ್ಲ."

ಬಂದ ನಗುವನ್ನು ಅವಳು ಹಲ್ಲು ಕಚ್ಚಿ ತಡೆದಳು.

"ಮೂರನೇ ಹಾಡಲ್ಲಿ ತಾಳ ನಿಲ್ಲೋ ಜಾಗ ಇದೆಯಲ್ಲ, ಅದು ತಪ್ಪು ಅಂತ ಪತ್ರಿಕೇಲಿ ಬರೆದ್ರು. ಅಳಿಸಿಬಿಡೋಣ ಅಂತಿದ್ದೆ. ಆಗ ನಿಮ್ಮ ಚೀಟಿ ಸಿಕ್ತು. ಜಂಬ ಬಂತು... ಅಂಟಿಸಿಬಿಟ್ಟೆ. ನಿಮ್ಮನ್ನ ಕೇಳಬೇಕಿತ್ತು. ತಪ್ಪಾಯ್ತು."

"ಅಳಿಸಿದ್ರೆ ನೋಡಿ ಮತ್ತೆ!"

ತನ್ನ ದನಿ ಇಷ್ಟು ಜೋರೆಂದು ಅವಳಿಗೇ ಗೊತ್ತಿರಲಿಲ್ಲ.

"ಸುತ್ತ ನೂರು ಮೆಷಿನ್ ಓಡ್ತಿರುತ್ತೆ. ಸೂಜಿ ಮುರಿದು ನಮ್ಮದೊಂದೇ ಟಕ್ ಅಂತ ನಿಲ್ಲುತ್ತೆ. ಎದೆ ಧಸಕ್ ಅನ್ನುತ್ತೆ. ಆಮೇಲೆ ಹೊಸ ಸೂಜಿ ಹಾಕಿ ಮತ್ತೆ ತುಳೀತೀವಿ. ಅದನ್ನ ಹಾಡಲ್ಲಿ ಇಟ್ಟೋರು ನೀವೊಬ್ರೇ. ಪತ್ರಿಕೆಯೋರು ಯಾವತ್ತು ಹೊಲಿದಿದ್ರು?"

ಚೀಟಿಯನ್ನು ಮೇಜಿನ ಮೇಲೆ ಅಂಗೈಯಲ್ಲಿ ತೀಡಿ, ಅವನ ಪೆನ್ನು ಕಿತ್ತುಕೊಂಡು ಕೆಳಗೆ ಬರೆದಳು: ‘ಬರೆದವಳು: ಹೊಲಿಗೆಯವಳು, ಏಳನೇ ಕ್ಲಾಸು.’

ಹೊರಗೆ ಹೋಗಿ, ಆ ಇಬ್ಬರ ಕಣ್ಣೆದುರಿಗೇ ಮೊದಲಿದ್ದ ಜಾಗದಲ್ಲಿ ಅಂಟಿಸಿದಳು.

"ಈಗ ನಗಿ."

ಅವರು ನಗಲಿಲ್ಲ. ಮೆಲ್ಲಗೆ ಜಾಗ ಖಾಲಿ ಮಾಡಿದರು.

ಅವನು ಬಾಗಿಲಲ್ಲಿ ನಿಂತಿದ್ದ. "ನಾನು ದಿನಾ ಮಧ್ಯಾಹ್ನ ಕಾಯೋದು... ಬರೀ ಚೀಟಿಗಲ್ಲ."

ಧಸಕ್! ಅವಳು ನೆಲ ನೋಡಿದಳು. ಮರುಕ್ಷಣವೇ ಬೇಕೆಂದೇ ಮುಖವೆತ್ತಿ ಅವನನ್ನೇ ನೋಡಿದಳು.

"ನಾಳೆ ಬರ್ತೀರಲ್ಲ? ಹೊಸ ಹಾಡೊಂದಿದೆ, ಕೇಳೋಕೆ..."

"ಮೂರು ತಿಂಗಳು ನಾನು ಕೇಳಿದ್ದಾಯ್ತು. ನಾಳೆ ನಾನು ಮಾತಾಡ್ತೀನಿ... ನೀವು ಕೇಳಿ."