ಅವನ ಎದುರು ಕೆಡದ ಟೆಂಪೋ

ಕೀಲಿ ತಿರುವುತ್ತಲೇ ಟೆಂಪೋ ಸ್ಟಾರ್ಟ್ ಆಗಿಬಿಟ್ಟಿತು. ಮೊದಲ ಸಲಕ್ಕೇ, ಒಂದು ಕೆಮ್ಮೂ ಇಲ್ಲದೆ. ರೂಪಾಳ ಮುಖ ಸಪ್ಪಗಾಯಿತು.

ಗಾಡಿ ಸ್ಟಾರ್ಟ್ ಆಯಿತೆಂದು ಕಣ್ಣಲ್ಲಿ ನೀರು ತಂದುಕೊಂಡವಳನ್ನು ಗಂಗಾವತಿಯ ಯಾವ ಗ್ಯಾರೇಜಿನವರೂ ನೋಡಿರಲಿಕ್ಕಿಲ್ಲ. ಆದರೆ ಅವಳ ಸಂಕಟ ಅವಳಿಗೇ ಗೊತ್ತು. ಹದಿನೈದು ದಿನದಲ್ಲಿ ಇದು ನಾಲ್ಕನೆಯ ಸಲ. ದಾರಿಯಲ್ಲಿ ನಿಲ್ಲಿಸಿ ಮತ್ತೆ ಕೀಲಿ ತಿರುವಿದರೆ ಟಕ್ ಎಂದು ಸುಮ್ಮನಾಗಿಬಿಡುವ ಈ ಹಳೆಯ ಗಾಡಿ, ಮೆಕ್ಯಾನಿಕ್ ಯಂಕೇಶನ ಎದುರು ಬಂದರೆ ಮಾತ್ರ ಸಾಧುವಾಗುತ್ತಿತ್ತು.

ಅವನು ಬ್ಯಾಟರಿ ನೋಡಿದ್ದ, ಸ್ಟಾರ್ಟರ್ ಬಿಚ್ಚಿ ಜೋಡಿಸಿದ್ದ. ಎಲ್ಲಾ ಸರಿಯಿತ್ತು. ಪಕ್ಕದ ಪಂಕ್ಚರ್ ಅಂಗಡಿಯ ಕಳಕಪ್ಪ, ರೋಗ ಇರುವುದು ಗಾಡಿಗಲ್ಲ, ಓಡಿಸುವವಳಿಗೆ ಎಂದು ನಾಲ್ಕು ಜನ ಕೇಳುವಂತೆ ಹೇಳಿ ನಕ್ಕ.

ಯಂಕೇಶ ಕೈ ಒರೆಸುತ್ತ ನಿಂತವನು, ಅವಳ ಮುಖ ನೋಡದೆ ಹೇಳಿದ.

“ಗಾಡಿಗೆ ಏನೂ ಆಗಿಲ್ರಿ. ಸುಮ್ಸುಮ್ನ ಬರಬ್ಯಾಡ್ರಿ.”

ರೂಪಾ ಗಾಡಿಯ ಬಾಗಿಲಿಗೆ ಕೈ ಹಾಕಿದಳು.

ಏನೆಂದು ಹೇಳುವುದು? ಗಾಡಿ ಕೆಡುವುದು ನಿಜ. ಅವನು ತಲೆ ಬಗ್ಗಿಸಿ ಕೆಲಸ ಮಾಡುವುದನ್ನು ನೋಡುತ್ತ ನಿಲ್ಲುವುದು ಅವಳಿಗೆ ಇಷ್ಟವಾಗಿದ್ದೂ ನಿಜ. ಎರಡನೆಯದನ್ನು ಒಪ್ಪಿಕೊಂಡರೆ ಮೊದಲನೆಯದನ್ನು ಯಾರು ನಂಬುತ್ತಾರೆ? ‘ಊರೆಲ್ಲಾ ನಕ್ಕರೂ ನಗಲಿ, ಇವನೊಬ್ಬ ನಂಬಬಾರದಿತ್ತೇ...’ ಎಂದುಕೊಂಡು ಅವಳು ಗಾಡಿ ಹತ್ತಿದಳು.

ಅಪ್ಪ ಪಕೀರಪ್ಪನ ಕಾಲು ಮುರಿದಂದಿನಿಂದ ಟೆಂಪೋ ಅವಳ ಕೈಯಲ್ಲಿತ್ತು. ಕನಕಗಿರಿ ಕಡೆಯ ತನ್ನೂರಿನ ಹನ್ನೆರಡು ಹೆಂಗಸರನ್ನು ದಿನವೂ ಸಿದ್ದಾಪುರದ ಗದ್ದೆಗಳಿಗೆ, ಭತ್ತದ ನಾಟಿಗೆ, ಅವಳೇ ಕರೆದೊಯ್ಯಬೇಕು. ಇನ್ನೊಂದು ದಿನ ತಡವಾದರೆ ಬೇರೆ ಊರಿನ ಗುಂಪನ್ನು ಕರೆಸುವುದಾಗಿ ಗದ್ದೆಯ ಯಜಮಾನ ವಿರೂಪಾಕ್ಷಪ್ಪ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದ.

ಮೂರು ದಿನ ದಾರಿಯಲ್ಲಿ ಎಲ್ಲೂ ನಿಲ್ಲಿಸಲಿಲ್ಲ, ಗಾಡಿ ಕೈಕೊಡಲಿಲ್ಲ. ನಾಲ್ಕನೆಯ ಬೆಳಿಗ್ಗೆ, ಗಂಗಾವತಿ ದಾಟಿ ಚಹಾಕ್ಕೆಂದು ನಿಲ್ಲಿಸಿ, ಎಲ್ಲರೂ ಹತ್ತಿ ಕೂತ ಮೇಲೆ ಕೀಲಿ ತಿರುವಿದಳು.

ಟಕ್.

ಹೆಂಗಸರು ಅಭ್ಯಾಸದಂತೆ ನೂಕಲು ಸೆರಗು ಬಿಗಿದು ಏಳುತ್ತಿದ್ದರು. ರೂಪಾ ಸ್ಟೀರಿಂಗ್ ಮೇಲೆ ತಲೆಯಿಟ್ಟಳು. ಇನ್ನು ಅವಳ ಕೈಲಾಗುತ್ತಿರಲಿಲ್ಲ.

“ಯಾರೂ ಇಳಿಬ್ಯಾಡ್ರವ್ವಾ. ನೂಕಿ ನೂಕಿ ಎಷ್ಟು ದಿನ ನಡಸೂದು? ಇದು ಇಲ್ಲೇ ಇರ್ಲಿ.”

ಹೆಂಗಸರು ಕೂತಲ್ಲೇ ಕೂತರು. ಗುಂಪಿನ ಹಿರಿಯಳು ಹಂಪವ್ವ ಮಾತ್ರ ಬೇಡವೆಂದರೂ ಕೇಳದೆ ಯಂಕೇಶನಿಗೆ ಫೋನು ಹಚ್ಚಿದಳು. ಅವನು ಬರುವುದಿಲ್ಲ ಎಂದೇ ರೂಪಾ ತಿಳಿದಿದ್ದಳು. ಕಾಲು ಗಂಟೆಯಲ್ಲಿ ಅವನ ಬೈಕು ಬಂದು ನಿಂತಿತು.

ಯಂಕೇಶ ಕೀಲಿ ತಿರುವಿದ. ಟಕ್. ಮತ್ತೆ ತಿರುವಿದ. ಟಕ್. ಅವನು ನಿಧಾನವಾಗಿ ರೂಪಾಳ ಕಡೆ ನೋಡಿದ. ಅವಳು ಮುಖ ತಿರುಗಿಸಿಕೊಂಡಳು. ನಾಲ್ಕು ಸಲ ಅವಮಾನ ನುಂಗಿದ ಮೇಲೆ ಅಷ್ಟೂ ಮಾಡದಿದ್ದರೆ ಹೇಗೆ?

ಕೆಳಗೆ ಹೊಕ್ಕು ನೋಡಬೇಕೆಂದು ಅವನು ಎಲ್ಲರನ್ನೂ ಇಳಿಸಿದ. ಇಳಿದ ಮೇಲೆ ಸುಮ್ಮನೆ ಇನ್ನೊಮ್ಮೆ ಕೀಲಿ ತಿರುವಿದರೆ, ಗಾಡಿ ಸ್ಟಾರ್ಟ್ ಆಯಿತು.

ಅವನು ಎಂಜಿನ್ ಆರಿಸಿ ಯೋಚಿಸುತ್ತ ನಿಂತ.

“ಎಲ್ಲಾರೂ ಮತ್ತ ಹತ್ರಿ.”

ಹತ್ತಿದರು. ಟಕ್. ಇಳಿದರು. ಸ್ಟಾರ್ಟ್. ಮೂರು ಸಲ ಹತ್ತಿ ಇಳಿಯುವಷ್ಟರಲ್ಲಿ, ತಾವು ಗದ್ದೆಗೆ ಹೊರಟಿದ್ದೇವೋ ಡ್ರಿಲ್ಲಿಗೋ ಎಂದು ಹೆಂಗಸರು ನಗತೊಡಗಿದ್ದರು. ಅವರನ್ನು ಮೇಲೆಯೇ ಕೂರಿಸಿ ಯಂಕೇಶ ಕೆಳಗೆ ತೂರಿದ.

ಬ್ಯಾಟರಿಯಿಂದ ಗಾಡಿಯ ಕಬ್ಬಿಣದ ಚೌಕಟ್ಟಿಗೆ ಹೋಗುವ ಅರ್ಥ್ ವೈರು ಮೇಲೆ ನೋಡಲು ನೆಟ್ಟಗೇ ಇತ್ತು. ರಬ್ಬರಿನೊಳಗೆ ತಂತಿ ಕಡಿದುಹೋಗಿತ್ತು. ಜನರ ಭಾರಕ್ಕೆ ಗಾಡಿ ಕುಗ್ಗಿದರೆ ಅದು ಜಗ್ಗಿ ಬಿಟ್ಟುಕೊಳ್ಳುತ್ತಿತ್ತು, ಹಗುರಾದರೆ ಮತ್ತೆ ತಾಗುತ್ತಿತ್ತು. ದಾರಿಯಲ್ಲಿ ಹೆಂಗಸರು ಇಳಿದು ನೂಕುತ್ತಿದ್ದರು, ನೂಕಿದ್ದಕ್ಕೇ ಹೊರಟಿತು ಎಂದುಕೊಳ್ಳುತ್ತಿದ್ದರು. ಗ್ಯಾರೇಜಿಗಂತೂ ರೂಪಾ ಬರುತ್ತಿದ್ದುದು ಖಾಲಿ ಗಾಡಿಯಲ್ಲಿ, ಒಬ್ಬಳೇ.

ಹೊಸ ವೈರು ಬಿಗಿದು ಯಂಕೇಶ ಕಿಟಕಿಯ ಬಳಿ ಬಂದ. ಹನ್ನೆರಡು ಜನ ಕೂತಿದ್ದರೂ ಎಂಜಿನ್ ಒಂದೇ ಸಲಕ್ಕೆ ಎದ್ದಿತ್ತು. ಹೊರಟರೆ ಹೊತ್ತಿಗೆ ಸರಿಯಾಗಿ ಗದ್ದೆ ಮುಟ್ಟಬಹುದಿತ್ತು. ರೂಪಾಗೆ ಹೊರಡಲು ಆಗಲಿಲ್ಲ.

“ತಪ್ಪು ನಂದೈತ್ರಿ,” ಅಂದ ಅವನು. “ನಿಮ್ಮ ಮಾತು ನಂಬಬೇಕಿತ್ತು.”

ಇದೊಂದು ಮಾತಿಗಾಗಿ ಅವಳು ಎಷ್ಟು ಹಂಬಲಿಸಿದ್ದಳು! ಈಗ ಗಾಡಿಯ ಸತ್ಯ ಎಲ್ಲರ ಎದುರು ಸಾಬೀತಾಗಿತ್ತು. ಇನ್ನೊಂದು ಸತ್ಯವನ್ನು ಹೇಳಿದರೂ ಯಾರೂ ಅವಳನ್ನು ಸುಳ್ಳಿ ಎನ್ನುವಂತಿರಲಿಲ್ಲ.

“ಗಾಡಿ ಕೆಟ್ಟಿದ್ದು ಖರೇನರಿ... ಆದ್ರ ನಾ ಬರ್ತಿದ್ದಿದ್ದು ಗಾಡಿ ಸಲುವಾಗಿ ಅಷ್ಟ ಅಲ್ಲ.”

ಹಿಂದೆ ಹನ್ನೆರಡು ತಲೆಗಳು ಒಮ್ಮೆಲೇ ಮುಂದೆ ಬಾಗಿದವು. ಯಂಕೇಶ ಗ್ರೀಸಿನ ಕೈಯಿಂದಲೇ ಹಣೆ ಒರೆಸಿಕೊಂಡ.

“ನಾನೂ ದಿನಾ ನಿಮ್ಮ ದಾರಿ ಕಾಯ್ತಿದ್ದೆ. ಕಳಕಪ್ಪ ನಕ್ಕಾಗ, ನನ್ನ ಮನಸ್ಸು ಅವನಿಗೆ ತಿಳೀತು ಅಂತ ಹೆದರಿದೆ. ಆ ಸಿಟ್ಟು ನಿಮ್ಮ ಮ್ಯಾಲೆ ಹಾಕಿದೆ.”

ರೂಪಾ ಸ್ಟೀರಿಂಗ್ ನೋಡುತ್ತ ಅಂದಳು.

“ಈಗ ಗಾಡಿ ಛಲೋ ಆತಲ್ರಿ...”

“ಆಗ್ಲಿ ಬಿಡ್ರಿ. ಐತಾರ ರಜಾ ಐತಿ, ಗಾಡಿ ಮನಿಯಾಗ ಬಿಟ್ಟು ಬರ್ರಿ.”

ಅವಳು ಗೇರ್ ಹಾಕಿ, ಸೆರಗಿನಿಂದ ಕಣ್ಣು ಒರೆಸಿಕೊಂಡಳು.

“ಬಸ್ಸಿಗೆ ಬರ್ತೀನ್ರಿ.”